ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಅದುರುವ ಗಾಡಿ

ಗಾಡಿ ಅದುರಿದರೆ ಮೊದಲು ನೆನಪಾಗುವುದು ವೀಲ್ ಬ್ಯಾಲೆನ್ಸಿಂಗ್. ಅದು ಸರಿಹೋಗದಿದ್ದರೆ ಅಲೈನ್‌ಮೆಂಟ್, ಆಮೇಲೆ ಹೊಸ ಟೈರ್. ಆದರೆ ತೂಕ ಸರಿಯಿಲ್ಲದ ಚಕ್ರ ಆಕ್ಸಿಲರೇಟರ್ ಒತ್ತಿದರೂ ಅದುರಿಸುತ್ತದೆ, ಬಿಟ್ಟರೂ ಅದುರಿಸುತ್ತದೆ. ಒತ್ತಿದಾಗ ಶುರುವಾಗಿ ಬಿಟ್ಟ ಕೂಡಲೇ ನಿಲ್ಲುವ ಅದುರಿಗೆ ಟೈರ್ ಅಂಗಡಿಯಲ್ಲಿ ಮದ್ದಿಲ್ಲ.

ಒಂದು ಸ್ಪ್ಯಾನರ್ ಕೂಡ ಹಿಡಿಯದೆ ಇದನ್ನು ವಿಂಗಡಿಸಬಹುದು. ದಾವಣಗೆರೆ–ಚಿತ್ರದುರ್ಗ ನಡುವಿನ ಹೆದ್ದಾರಿ 48ರಲ್ಲಿ, ಹಿಂದೆ ಲಾರಿ ಇಲ್ಲದ ಹೊತ್ತು ನೋಡಿ, ನಾಲ್ಕನೇ ಗೇರಿನಲ್ಲಿ 60ಕ್ಕೆ ತಂದು ಆಕ್ಸಿಲರೇಟರ್ ಜೋರಾಗಿ ಒತ್ತಿ. ಏರುವ ಸೇತುವೆ ಸಿಕ್ಕರೆ ಇನ್ನೂ ಒಳ್ಳೆಯದು, ಲೋಡ್ ಹೆಚ್ಚುತ್ತದೆ. ಅದುರು ಬಂದ ಕೂಡಲೇ ಕ್ಲಚ್ ಒತ್ತಿ ಗಾಡಿಯನ್ನು ಹಾಗೇ ಉರುಳಲು ಬಿಡಿ. ಇಂಜಿನ್ ಆಫ್ ಮಾಡಬೇಡಿ, ಬ್ರೇಕೂ ಸ್ಟಿಯರಿಂಗೂ ಗಟ್ಟಿಯಾಗುತ್ತವೆ. ಅದುರು ಉಳಿದರೆ ಚಕ್ರ, ಟೈರ್, ಹಬ್ ಬೇರಿಂಗ್ ನೋಡಬೇಕು. ಹೋದರೆ, ಅದೇ 60ರಲ್ಲಿ ಮೂರನೇ ಗೇರಿಗೆ ಇಳಿಸಿ ಮತ್ತೆ ಒತ್ತಿ. ಈಗ ಆರ್‌ಪಿಎಂ (ಇಂಜಿನ್ ತಿರುಗುವ ವೇಗ) ಬದಲಾಗಿದೆ, ಗಾಡಿಯ ವೇಗ ಬದಲಾಗಿಲ್ಲ. ಅದುರು ಅದೇ 60ಕ್ಕೇ ಬಂದರೆ ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಬಲ ಒಯ್ಯುವ ಡ್ರೈವ್ ಶಾಫ್ಟ್ ಕಡೆ, ಆರ್‌ಪಿಎಂ ಜೊತೆ ಬದಲಾದರೆ ಇಂಜಿನ್ ಕಡೆ.

ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಒಳಗಿನ ಸಿವಿ ಜಾಯಿಂಟ್, ಅಂದರೆ ಡ್ರೈವ್ ಶಾಫ್ಟಿನ ಎರಡು ತುದಿಯ ಬಾಗುವ ಕೀಲುಗಳಲ್ಲಿ ಗೇರ್‌ಬಾಕ್ಸ್ ಪಕ್ಕದ್ದು. ತಿರುವಿನಲ್ಲಿ ಕಟಕಟ ಅನ್ನುವುದು ಹೊರಗಿನದು. ಒಳಗಿನದು ಹೆಚ್ಚಾಗಿ ಸದ್ದು ಮಾಡುವುದಿಲ್ಲ, ಸೀಟನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸುತ್ತದೆ. ಅದರೊಳಗೆ ಮೂರು ರೋಲರ್‌ಗಳು ಮೂರು ಕಾಲುವೆಯಂಥ ಹಾದಿಗಳಲ್ಲಿ ಹಿಂದೆ ಮುಂದೆ ಜಾರುತ್ತವೆ. ಹಾದಿಯಲ್ಲಿ ಗುಳಿ ಬಿದ್ದರೆ, ಲೋಡ್ ಬಿದ್ದಾಗ ರೋಲರ್ ಅಲ್ಲಿ ಕಚ್ಚಿಕೊಂಡು ಶಾಫ್ಟನ್ನು ಪಕ್ಕಕ್ಕೆ ನೂಕುತ್ತದೆ, ಪ್ರತಿ ಸುತ್ತಿನಲ್ಲೂ ಮೂರು ಸಲ. 185/65 ಆರ್15 ಟೈರಿನ ಸುತ್ತಳತೆ ಸುಮಾರು 1.95 ಮೀಟರ್, 60ರಲ್ಲಿ ಅದು ಸೆಕೆಂಡಿಗೆ ಎಂಟೂವರೆ ಸುತ್ತು ಹಾಕುತ್ತದೆ. ಫೋನಿನ ವೈಬ್ರೇಷನ್ ಆಪ್ ಅದರ ಮೂರು ಪಟ್ಟು, ಅಂದರೆ 25 ಹರ್ಟ್ಸ್ (ಸೆಕೆಂಡಿಗೆ 25 ಸಲ) ಆಸುಪಾಸು ತೋರಿಸಿದರೆ ಈ ಜಾಯಿಂಟಿನ ಮೇಲೆ ಅನುಮಾನ ಪಡಿ. ಎಂಟು–ಒಂಬತ್ತು ತೋರಿಸಿದರೆ ಚಕ್ರ.

ಗಾಡಿ ಎತ್ತಿ, ಸ್ಟ್ಯಾಂಡ್ ಕೊಟ್ಟು ಕೆಳಗೆ ನೋಡಿ. ಜಾಯಿಂಟನ್ನು ಮುಚ್ಚುವ ರಬ್ಬರ್ ಬೂಟ್ ಹರಿದಿದ್ದರೆ ಅದರ ನೇರಕ್ಕೆ ಸುತ್ತಲೂ ಗ್ರೀಸ್ ಎರಚಿದ ಪಟ್ಟಿ ಕಾಣುತ್ತದೆ, ಧೂಳು ಮೆತ್ತಿ ಡಾಂಬರಿನ ಹಾಗಿರುತ್ತದೆ. ಶಾಫ್ಟನ್ನು ಒಳಗೆ ಹೊರಗೆ ತಳ್ಳಿ, ಅಲ್ಲಾಡುತ್ತದೆ ಎಂದು ಜಾಯಿಂಟ್ ಬದಲಿಸುವವರಿದ್ದಾರೆ. ಹಾಗೆ ಜಾರುವುದೇ ಅದರ ಕೆಲಸ. ನೋಡಬೇಕಾದದ್ದು ತಿರುಗಿಸಿದಾಗ ಬರುವ ಪ್ಲೇ, ಅಂದರೆ ಸಡಿಲು. ಬರೀ ಬೂಟ್ ಹರಿದು ಹಾದಿ ನುಣ್ಣಗಿದ್ದರೆ ತೊಳೆದು, ಕಿಟ್ಟಿನಲ್ಲಿ ಬಂದ ಪೂರ್ತಿ ಗ್ರೀಸ್ ತುಂಬಿ, ಹೊಸ ಬೂಟ್, ಹೊಸ ಕ್ಲಿಪ್ ಹಾಕಿ. ಹಾದಿಯ ಮೇಲೆ ಉಗುರು ಎಳೆದಾಗ ಗುಳಿ ತಡೆದರೆ ಗ್ರೀಸ್ ದಂಡ, ಜಾಯಿಂಟೇ ಹೋಗಬೇಕು. ಶಾಫ್ಟ್ ಎಳೆದಾಗ ಗೇರ್ ಆಯಿಲ್ ಸುರಿಯುತ್ತದೆ. ಜೋಡಿಸಿದ ಮೇಲೆ ಲೆವೆಲ್ ನೋಡದೆ ಗಾಡಿ ಕೊಟ್ಟುಬಿಡುವುದು ನಮ್ಮ ಕಡೆ ಮಾಮೂಲಿ, ನೀವೇ ಕೇಳಿ ನೋಡಿಸಿ.

ಹೊಸ ಜಾಯಿಂಟ್ ಹಾಕಿದರೂ ಅದುರು ಉಳಿದರೆ ಇಂಜಿನ್ ಮೌಂಟಿಂಗ್ ನೋಡಿಲ್ಲ ಎಂದರ್ಥ. ರಬ್ಬರ್ ಕುಸಿದು ಇಂಜಿನ್ ಇಳಿದರೆ ಶಾಫ್ಟಿನ ಕೋನ ಹೆಚ್ಚಿ, ಒಳ್ಳೆಯ ಜಾಯಿಂಟೂ ಅದುರಿಸುತ್ತದೆ. ಅದುರು ಇಂಜಿನ್ ಕಡೆಯದಾಗಿ, ಮಿಸ್ಸಿಂಗ್ (ಒಂದು ಸಿಲಿಂಡರ್ ಸರಿಯಾಗಿ ಉರಿಯದಿರುವುದು) ಆಗುತ್ತಿದ್ದರೆ ಸ್ಕ್ಯಾನರಿನಲ್ಲಿ ಪಿ0301, ಪಿ0302 ಅಂತ ಸಿಲಿಂಡರ್ ನಂಬರ್ ಸಮೇತ ಬರುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಆ ಸಿಲಿಂಡರಿಗೆ ಕಿಡಿ ಕೊಡುವ ಕಾಯಿಲನ್ನು ಪಕ್ಕದ್ದಕ್ಕೆ ಹಾಕಿ. ಕೋಡೂ ಜೊತೆಗೆ ಹೋದರೆ ಕಾಯಿಲ್ ಕೆಟ್ಟಿದೆ.

ಪಿಕಪ್, ಜೀಪಿನಂಥ ಹಿಂದಿನ ಚಕ್ರ ಎಳೆಯುವ ಗಾಡಿಗಳಲ್ಲಿ ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ತುದಿಯ ಬಾಗುವ ಕೀಲು) ನೋಡಿ. ಮೆಕ್ಕೆಜೋಳದ ಮೂಟೆ ಹೇರಿದಾಗ ಹಿಂಭಾಗ ಕುಗ್ಗಿ ಶಾಫ್ಟಿನ ಕೋನ ಬದಲಾಗುತ್ತದೆ, ಹಾಗಾಗಿ ಖಾಲಿ ಗಾಡಿಯಲ್ಲಿ ಇದ್ದ ಅದುರು ಲೋಡಿನಲ್ಲಿ ಮಾಯವಾಗಬಹುದು, ಉಲ್ಟಾ ಕೂಡ ಆಗಬಹುದು. ಯಾವ ಲೋಡಿನಲ್ಲಿ ದೂರು ಬಂತೋ ಅದೇ ಲೋಡಿನಲ್ಲಿ ಓಡಿಸಿ ನೋಡಿ. ನಿಂತ ಗಾಡಿ ಹೊರಡುವಾಗಲಷ್ಟೇ ಧಡಧಡ ಅಂದರೆ ಶಾಫ್ಟನ್ನು ನಡುವೆ ಹಿಡಿದಿರುವ ಸೆಂಟರ್ ಬೇರಿಂಗಿನ ರಬ್ಬರ್, ಇಲ್ಲವೇ ಎಣ್ಣೆ ತಾಗಿದ ಕ್ಲಚ್ ಪ್ಲೇಟ್. ಕ್ರಾಸಿನ ಬೇರಿಂಗ್ ಕಪ್ಪಿನ (ತುದಿಯ ಬಟ್ಟಲು) ಸುತ್ತ ಕೆಂಪು ಪುಡಿ ಕಂಡರೆ ಒಳಗಿನ ಸೂಜಿ ಬೇರಿಂಗ್ ಒಣಗಿ ತುಕ್ಕಾಗಿದೆ. ಚಿತ್ರದುರ್ಗದ ಗಣಿ ಕಡೆ ಓಡುವ ಗಾಡಿಯಲ್ಲಿ ಎಲ್ಲವೂ ಕೆಂಪೇ. ಆದ್ದರಿಂದ ಚೆನ್ನಾಗಿ ಒರೆಸಿ ಎರಡು ದಿನ ಓಡಿಸಿ. ಮಣ್ಣಾದರೆ ಎಲ್ಲ ಕಡೆ ಸಮವಾಗಿ ಕೂರುತ್ತದೆ, ತುಕ್ಕಾದರೆ ಆ ಒಂದು ಕಪ್ಪಿನ ಅಂಚಿಗೆ ಮಾತ್ರ ಮತ್ತೆ ಬರುತ್ತದೆ. ಗ್ರೀಸ್ ನಿಪ್ಪಲ್ ಇರುವ ಕ್ರಾಸಿಗೆ ನಾಲ್ಕೂ ಕಪ್ಪಿನಿಂದ ಹಳೇ ಗ್ರೀಸ್ ಹೊರಬರುವ ತನಕ ಗ್ರೀಸ್ ಗನ್ ಒತ್ತಿ. ಶಾಫ್ಟ್ ಬಿಚ್ಚುವ ಮುಂಚೆ ಫ್ಲಾಂಜಿಗೂ (ಬೋಲ್ಟ್ ಕೂರುವ ತಟ್ಟೆ) ಸ್ಪ್ಲೈನಿಗೂ (ಹಲ್ಲುಗಳ ಜೋಡಣೆ) ಪೇಂಟಿನ ಗೆರೆ ಎಳೆಯಿರಿ. ಒಂದು ಹಲ್ಲು ತಪ್ಪಿ ಕೂತರೂ ಎರಡು ತುದಿಯ ಕ್ರಾಸ್‌ಗಳು ಒಂದಕ್ಕೊಂದು ಹೊಂದದೆ, ಮೊದಲು ಇರದಿದ್ದ ಅದುರು ಹೊಸದಾಗಿ ಹುಟ್ಟುತ್ತದೆ.