ನಟ್ಟು ಮಾತ್ರ ತಿರುಗುತ್ತಿತ್ತು

ಪುಷ್ಯ ಮಳೆ ಮೂರು ದಿನ ಬಿಡದೆ ಹೊಡೆದು ನಾಲ್ಕನೇ ದಿನ ಬೆಳಗ್ಗೆ ಹೊಳವಾಯಿತು. ಅಡಿಕೆ ತೋಟ ಇರುವವರಿಗೆ ಗೊತ್ತು, ಮಲೆನಾಡಿನಲ್ಲಿ ಆ ಹೊಳವಿಗೆ ಎಷ್ಟು ಬೆಲೆ ಅಂತ. ಮೊದಲ ಸಲ ಔಷಧಿ ಹೊಡೆದು 45 ದಿನ ದಾಟಿತ್ತು. ಎರಡನೇದು ಇನ್ನೂ ಬಾಕಿ. ಕೊಳೆ ರೋಗ ಶುರುವಾದ ಮೇಲೆ ಹೊಡೆದು ಪ್ರಯೋಜನ ಇಲ್ಲ, ಅಲ್ವಾ? ಏಳು ಗಂಟೆಗೆಲ್ಲ ಮೈಲುತುತ್ತ, ಸುಣ್ಣ, ಡ್ರಮ್ಮು, ಪಂಪು, ಪೈಪಿನ ಸುರುಳಿ ಎಲ್ಲ ಜೀಪಿಗೆ ಹೇರಿಕೊಂಡು ಹೊರಟೆವು. ನಾನು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ, ಅವನ ಮಗ.

ಮನೆ ಆಗುಂಬೆಯಿಂದ ತೀರ್ಥಹಳ್ಳಿಗೆ ಹೋಗುವ ದಿಕ್ಕಿನಲ್ಲಿ, ರಸ್ತೆಯಿಂದ ಒಳಗೆ. ಮನೆಯಿಂದ ಇಳಿದು, ಹಳ್ಳ ದಾಟಿ, ಆಚೆ ಚಡಾವು ಹತ್ತಿದರೆ ಕೆಳಗಿನ ತೋಟ. ಮಳೆಗಾಲದಲ್ಲಿ ಆ ದಾರಿಗೆ ಜೀಪು ಬಿಟ್ಟರೆ ಬೇರೆ ಗತಿಯಿಲ್ಲ. ನಮ್ಮದು ವಿಲ್ಲೀಸ್ ನಮೂನೆಯ ಹಳೇ ಜೀಪು. ಪೆಟ್ರೋಲ್ ಎಂಜಿನ್ ತೆಗೆಸಿ ಡೀಸೆಲ್ ಕೂರಿಸಿದ್ದು ಅಪ್ಪನ ಕಾಲದಲ್ಲೇ. ಗೇರ್ ಬಾಕ್ಸಿನಿಂದ ಹಿಂದಕ್ಕೆ ಎಲ್ಲ ಮೊದಲಿನದೇ. ಮೂರು ಗೇರು, ಪಕ್ಕದಲ್ಲಿ ಎರಡು ಸಣ್ಣ ಲಿವರು. ಒಂದು ಮುಂದಿನ ಚಕ್ರಕ್ಕೆ ಎಳೆತ ಕೊಡಲು, ಇನ್ನೊಂದು ಹೈ, ನ್ಯೂಟ್ರಲ್, ಲೋ ಬದಲಿಸಲು.

ಹಳ್ಳ ದಾಟಿದೆವು. ಚಡಾವಿನ ಬುಡದಲ್ಲಿ ಜಲ್ಲಿ ಹಾಕಿದ ತುಂಡು ದಾರಿ ಇದೆ. ಅದು ಮುಗಿದು ಕೆಸರು ಶುರುವಾಗುವಲ್ಲಿ ಫೋರ್ ವೀಲ್ ಹಾಕುವುದು ನಮ್ಮ ರೂಢಿ. ಅಷ್ಟರೊಳಗೇ ಕಾಲಡಿಯಲ್ಲಿ ‘ಟಕ್’ ಅಂತ ಒಂದು ಸದ್ದು. ಎಂಜಿನ್ ಭೋರ್ ಎಂದು ಏರಿತು, ಜೀಪು ನಿಂತುಬಿಟ್ಟಿತು. ಬ್ರೇಕ್ ಒತ್ತಿ ಹಿಡಿದೆ. ಕೈಬ್ರೇಕ್ ಎಳೆದು ಕಾಲು ತೆಗೆದೆ, ಜೀಪು ಹಿಂದಕ್ಕೆ ಜಾರತೊಡಗಿತು!

“ಕಲ್ಲು ಕೊಡೋ!” ಅಂತ ಕೂಗಿದೆ. ಕೊನೆಗೌಡ ಹಾರಿ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ. ಎದೆ ಹೊಡೆದುಕೊಳ್ಳುತ್ತಿತ್ತು. ಆ ಕೈಬ್ರೇಕು ಅದೇ ಚಡಾವಿನಲ್ಲಿ ತುಂಬಿದ ಲೋಡನ್ನು ಎಷ್ಟೋ ಸಲ ಹಿಡಿದು ನಿಲ್ಲಿಸಿದೆ. ಅದು ಯಾಕೆ ಕೈಕೊಟ್ಟಿತು ಅಂತ ಆಗ ಹೊಳೆಯಲಿಲ್ಲ.

ಪೇಟೆಯ ಗ್ಯಾರೇಜಿಗೆ ಫೋನು ಮಾಡಿದೆ. ಅಲ್ಲಿದ್ದವರು ಎರಡು ಮಾತು ಕೇಳಿದರು, ಅಷ್ಟೇ. “ಕ್ಲಚ್ ಪ್ಲೇಟ್ ಹೋಗಿದೆ, ಕಟ್ಟಿ ಎಳ್ಕೊಂಡು ಬನ್ನಿ, ಗೇರ್ ಬಾಕ್ಸ್ ಇಳಿಸಬೇಕು” ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಕ್ಲಚ್ ಪ್ಲೇಟ್ ಸುಟ್ಟರೆ ವಾಸನೆ ಬರುತ್ತದೆ. ಹೋಗುವ ಮೊದಲು ವಾರಗಟ್ಟಲೆ ಜಾರಿ ಜಾರಿ ಸುಳಿವು ಕೊಡುತ್ತದೆ. ಇದು ಒಂದೇ ಏಟಿಗೆ ಆಗಿದ್ದು. ಬಿಚ್ಚುವ ಮೊದಲು ನೋಡಬೇಕು. ಎಂಜಿನ್ನಿನ ಶಕ್ತಿ ಚಕ್ರ ಮುಟ್ಟುವ ದಾರಿ ಒಂದೇ: ಕ್ಲಚ್ಚು, ಗೇರ್ ಬಾಕ್ಸು, ಮುಂದಕ್ಕೂ ಹಿಂದಕ್ಕೂ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸು, ಅಲ್ಲಿಂದ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟು, ಹೌಸಿಂಗ್ ಒಳಗೆ ಎಡ ಬಲಕ್ಕೆ ಎಳೆತ ಹಂಚುವ ಹಲ್ಲುಗಳು (ಡಿಫರೆನ್ಷಿಯಲ್), ಆಕ್ಸಲ್, ಚಕ್ರ ಕೂರುವ ಹಬ್ಬು. ಎಲ್ಲೋ ಒಂದು ಕಡೆ ಕೊಂಡಿ ಕಳಚಿದೆ. ಎಲ್ಲಿವರೆಗೆ ಸರಿಯಿದೆ ಅಂತ ಕೇಳುತ್ತಾ ಹೋದರೆ ಸಿಗಲೇಬೇಕು.

ಮೊದಲು ಸಣ್ಣ ಲಿವರುಗಳನ್ನು ಮುಟ್ಟಿ ನೋಡಿದೆ. ಹಳೇ ಜೀಪುಗಳಲ್ಲಿ ಒಳಗಿನ ಸ್ಪ್ರಿಂಗು ಸವೆದು ಲಿವರು ತಾನಾಗಿ ನ್ಯೂಟ್ರಲ್ಲಿಗೆ ಹಾರುವುದುಂಟು. ಹಾರಿರಲಿಲ್ಲ, ಹೈನಲ್ಲೇ ಗಟ್ಟಿ ಕೂತಿತ್ತು.

ಆಮೇಲೆ ಕ್ಲಚ್ಚು. ಇದಕ್ಕೆ ಈ ಜೀಪಿನಲ್ಲಿ ಒಂದು ಅನುಕೂಲ ಇದೆ. ಇದರ ಕೈಬ್ರೇಕು ಚಕ್ರದಲ್ಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ, ಪ್ರೊಪೆಲ್ಲರ್ ಶಾಫ್ಟು ಶುರುವಾಗುವ ಜಾಗದಲ್ಲಿ ಒಂದು ಸಣ್ಣ ಡ್ರಮ್ಮು, ಅದನ್ನೇ ಅದು ಹಿಡಿಯುವುದು. ನಾಲ್ಕೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿಸಿದೆ. ಕೈಬ್ರೇಕನ್ನು ಪೂರ್ತಿ ಎಳೆದೆ. ಮೂರನೇ ಗೇರು ಹಾಕಿ ನಿಧಾನಕ್ಕೆ ಕ್ಲಚ್ ಬಿಟ್ಟೆ. ಕ್ಲಚ್ ಹೋಗಿದ್ದರೆ ಎಂಜಿನ್ ಏನೂ ಆಗದವರಂತೆ ಓಡುತ್ತಿರಬೇಕು. ಎಂಜಿನ್ ಗಡಗಡ ನಡುಗಿ ಆರಿಹೋಯಿತು.

ಅದು ಆರಿದ್ದು ನೋಡಿ ನನಗಾದ ಸಮಾಧಾನ ಹೇಳತೀರದು. ಕ್ಲಚ್ಚು ಸರಿ. ಗೇರ್ ಬಾಕ್ಸ್ ಸರಿ. ಟ್ರಾನ್ಸ್‌ಫರ್ ಕೇಸೂ ಆ ಡ್ರಮ್ಮಿನವರೆಗೆ ಸರಿ. ಇಳಿಸಬೇಕು ಅಂತಿದ್ದ ಪೆಟ್ಟಿಗೆಗಳೆಲ್ಲ ಅಲ್ಲಿಗೆ ಲೆಕ್ಕದಿಂದ ಹೊರಗೆ ಹೋದವು.

ಇನ್ನು ಹಿಂದೆ. ಕಾಲ್‌ಬ್ರೇಕ್ ಒತ್ತಿ ಹಿಡಿದು, ಕೈಬ್ರೇಕ್ ಬಿಟ್ಟು, ಒಂದನೇ ಗೇರಿನಲ್ಲಿ ಕ್ಲಚ್ ಬಿಟ್ಟೆ. ಎಂಜಿನ್ ಆರಲಿಲ್ಲ. ಕೊನೆಗೌಡನ ಮಗನಿಗೆ ಜೀಪಿನ ಅಡಿಗೆ ತಲೆ ಹಾಕಬೇಡ, ದೂರ ನಿಂತು ಬಗ್ಗಿ ನೋಡು ಅಂತ ಹೇಳಿದ್ದೆ. “ಶಾಫ್ಟು ತಿರುಗ್ತಾ ಇದೆ ಅಣ್ಣಾ, ಹೌಸಿಂಗ್ ತನಕ” ಅಂದ. ಹಾಗಾದರೆ ಶಾಫ್ಟಿನ ಜಾಯಿಂಟೂ ಸರಿ. ಹಲ್ಲು ಮುರಿದಿದ್ದರೆ ಕಟಕಟ ಅನ್ನಬೇಕು, ಆ ಸದ್ದಿಲ್ಲ. ಆಕ್ಸಲ್ ತುಂಡಾಗಿರಬಹುದಾ ಅಂತ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಎಡಗಡೆ ನಿಂತಿದ್ದ ಕೊನೆಗೌಡ, “ಅಣ್ಣಾ, ಚಕ್ರ ನಿಂತೇ ಇದೆ, ನಡುವಿನ ನಟ್ಟು ಮಾತ್ರ ತಿರುಗ್ತಾ ಇದೆ” ಅಂದ.

ನಾನು ಪೆಡಲ್ ಬಿಟ್ಟು ಇಳಿಯುವ ಹಾಗಿರಲಿಲ್ಲ. ಹುಡುಗ ಫೋನಿನಲ್ಲಿ ವಿಡಿಯೊ ಮಾಡಿ ತಂದು ತೋರಿಸಿದ. ಕೆಸರು ಮೆತ್ತಿದ ಚಕ್ರ, ಅದರ ಐದು ನಟ್ಟುಗಳು ಒಂದಿಷ್ಟೂ ಅಲುಗದೆ ನಿಂತಿವೆ. ನಡುವೆ ಆಕ್ಸಲಿನ ದೊಡ್ಡ ನಟ್ಟು, ಅದು ಬಿಚ್ಚದಂತೆ ತಡೆಯುವ ಸ್ಪ್ಲಿಟ್ ಪಿನ್ನಿನ ಎರಡು ಬಾಲಗಳು ಸುತ್ತುತ್ತಾ ಇವೆ. ವಾಷರಿನ ಸುತ್ತ ಒಣ ಕುಂಕುಮದ ಹಾಗೆ ತುಕ್ಕಿನ ಪುಡಿ. ಆ ಪುಡಿ ಒಂದು ದಿನದ್ದಲ್ಲ. ತಿಂಗಳಿಂದ ಒಳಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಾ ಇದ್ದ ಗುರುತು ಅದು.

ಈ ಆಕ್ಸಲಿನ ತುದಿ ಕೋನಾಕಾರ, ಶಂಕುವಿನ ಹಾಗೆ ಸಪೂರವಾಗುತ್ತಾ ಹೋಗುತ್ತದೆ. ಹಬ್ಬಿನ ಒಳಗೂ ಅದೇ ಕೋನ. ಎರಡರ ನಡುವೆ ಗಾಡಿ, ಅಂದರೆ ಉದ್ದನೆಯ ಸಣ್ಣ ತೋಡು ಕೊರೆದು ಒಂದು ಉಕ್ಕಿನ ಕೀ ಕೂರಿಸಿರುತ್ತಾರೆ. ಚಕ್ರ ತಿರುಗಿಸುವುದು ಆ ಕೀ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ನಟ್ಟು ಬಿಗಿಯಾಗಿದ್ದರೆ ಕೋನಕ್ಕೆ ಕೋನ ಕಚ್ಚಿಕೊಂಡು ಆ ಹಿಡಿತದಲ್ಲೇ ಬಲ ದಾಟುತ್ತದೆ. ಕೀ ಜೊತೆಗೆ ಆಸರೆ ಅಷ್ಟೇ. ನಟ್ಟು ಸ್ವಲ್ಪ ಸಡಿಲವಾದರೂ ಇಡೀ ಭಾರ ಕೀ ಮೇಲೆ ಬೀಳುತ್ತದೆ. ಮುಂದೆ ಹಿಂದೆ ಹೋಗುವಾಗೆಲ್ಲ ಅದು ಏಟು ತಿನ್ನುತ್ತಾ ಇರುತ್ತದೆ. ರಿವರ್ಸಿನಿಂದ ಒಂದನೇ ಗೇರಿಗೆ ಹಾಕುವಾಗ ಒಂದು ತಿಂಗಳಿಂದ ‘ಟಿಕ್’ ಅನ್ನುತ್ತಿತ್ತು. ನಾನು ಜಾಯಿಂಟಿನ ಕ್ರಾಸ್ ಸವೆದಿದೆ, ಮಳೆ ಮುಗಿದ ಮೇಲೆ ಹಾಕಿಸಿದರಾಯಿತು ಅಂದುಕೊಂಡಿದ್ದೆ.

ಕೈಬ್ರೇಕಿನ ಕಥೆಯೂ ಆಗ ಬಿಡಿಸಿತು. ಶಾಫ್ಟನ್ನು ಹಿಡಿದರೂ ಎಡ ಆಕ್ಸಲ್ ಚಕ್ರದಿಂದ ಕಳಚಿದೆ. ಡಿಫರೆನ್ಷಿಯಲ್ ಒಳಗೆ ಒಂದು ಕಡೆ ಬಿಡುವಿದ್ದರೆ ಇನ್ನೊಂದು ಕಡೆಯ ಚಕ್ರ ಆರಾಮಾಗಿ ಉರುಳುತ್ತದೆ. ಎಳೆತ ಹೋಗಿದ್ದೂ ಕೈಬ್ರೇಕ್ ಹೋಗಿದ್ದೂ ಒಂದೇ ಕಾರಣಕ್ಕೆ. ಇಂಥ ಜೀಪು ಇರುವ ಎಲ್ಲರಿಗೂ ಇದನ್ನು ಒತ್ತಿ ಹೇಳುತ್ತೇನೆ: ಎಳೆತ ಹೋದ ಕೂಡಲೇ ಮೊದಲು ಚಕ್ರಕ್ಕೆ ಕಲ್ಲು, ಮಿಕ್ಕಿದ್ದೆಲ್ಲ ಆಮೇಲೆ. ಕಾಲ್‌ಬ್ರೇಕ್ ಮಾತ್ರ ಹಿಡಿಯುತ್ತದೆ, ಯಾಕೆಂದರೆ ಅದರ ಡ್ರಮ್ಮು ಹಬ್ಬಿಗೇ ಸೇರಿದ್ದು.

ಔಷಧಿ ಕೆಲಸ ನಿಲ್ಲಿಸುವ ಹಾಗಿರಲಿಲ್ಲ. ಅಪ್ಪನಿಗೆ ಫೋನು ಮಾಡಿ ಎಲ್ಲ ಹೇಳಿದೆ. “ಮುಂದಿನ ಚಕ್ರ ಎಳೀತದಲ ಮಾರಾಯ? ಸಾಮಾನು ಅಲ್ಲೇ ಇಳಿಸು. ಹಿಂದುಮುಂದಾಗಿ ಬಾ” ಅಂದರು. ಫೋರ್ ವೀಲ್ ಹಾಕಿ ಲೋಗೆ ತಂದೆ. ಈ ಟ್ರಾನ್ಸ್‌ಫರ್ ಕೇಸಿನ ನಡುವೆ ಡಿಫರೆನ್ಷಿಯಲ್ ಇಲ್ಲ. ಮುಂದಿನ ಹಿಂದಿನ ಶಾಫ್ಟುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಹಿಂದೆ ಆಕ್ಸಲ್ ಸುಮ್ನೆ ಸುತ್ತಿದರೂ ಮುಂದಿನ ಪಾಲು ಸೋರಿಹೋಗುವುದಿಲ್ಲ. ಸದಾ ನಾಲ್ಕೂ ಚಕ್ರಕ್ಕೆ ಬಲ ಹೋಗುವ ವಾಹನಗಳಲ್ಲಿ ನಡುವೆಯೂ ಒಂದು ಡಿಫರೆನ್ಷಿಯಲ್ ಇರುತ್ತದೆ. ಅದನ್ನು ಲಾಕ್ ಮಾಡದಿದ್ದರೆ ಇಂಥ ಹೊತ್ತಿನಲ್ಲಿ ಯಾವ ಚಕ್ರವೂ ಎಳೆಯುವುದಿಲ್ಲ.

ಡ್ರಮ್ಮು, ಪಂಪು ಇಳಿಸಿದೆವು. ಅವರಿಬ್ಬರು ಹೊತ್ತುಕೊಂಡು ತೋಟದ ಕಡೆ ಹೊರಟರು. ನಾನು ರಿವರ್ಸ್ ಹಾಕಿ ಹಳ್ಳಕ್ಕೆ ಇಳಿದೆ. ಜೀಪಿನ ಬೆನ್ನು ಮನೆ ಕಡೆಗೇ ಇತ್ತು. ತಿರುಗಿಸದೆ ಹಾಗೇ ಆಚೆ ಏರು ಹತ್ತಿಸಿದೆ. ಅಪ್ಪ ಹೇಳಿದ್ದು ಯಾಕೆ ಅಂತ ಹತ್ತುವಾಗ ಗೊತ್ತಾಯಿತು. ಮೂತಿ ಮೇಲಕ್ಕಿದ್ದರೆ ಭಾರ ಹಿಂದಕ್ಕೆ ಹೋಗಿ ಮುಂದಿನ ಚಕ್ರ ಕೆಸರಲ್ಲಿ ಸುಮ್ಮನೆ ಸುತ್ತುತ್ತದೆ. ಹಿಂದುಮುಂದಾಗಿ ಹತ್ತಿದರೆ ಎಂಜಿನ್ನಿನ ಭಾರವೆಲ್ಲ ಎಳೆಯುವ ಚಕ್ರದ ಮೇಲೇ ಕೂರುತ್ತದೆ. ಕುತ್ತಿಗೆ ಹಿಂದಕ್ಕೆ ತಿರುಗಿಸಿಕೊಂಡು, ಒಂದು ಸಲವೂ ಜಾರದೆ ಅಂಗಳ ಮುಟ್ಟಿದೆ.

ಮರುದಿನ ಅಪ್ಪನ ಹಳೇ ಪರಿಚಯದ ಮೇಸ್ತ್ರಿ ಹಬ್ಬು ಎಳೆದು ತೆಗೆಯುವ ಪುಲ್ಲರ್ ಹಿಡಿದು ಮನೆಗೇ ಬಂದರು. ಹಬ್ಬು ಕಳಚಿದಾಗ ಕೀ ಉದ್ದಕ್ಕೆ ಸೀಳಿ ಎರಡು ತುಂಡಾಗಿತ್ತು. ಅರ್ಧ ಆಕ್ಸಲಿನ ಗಾಡಿಯಲ್ಲಿ, ಅರ್ಧ ಹಬ್ಬಿನಲ್ಲಿ. ಹಬ್ಬಿನ ಗಾಡಿ ಅಗಲವಾಗಿ ಹೋಗಿತ್ತು, ಅದನ್ನು ಬದಲಿಸಬೇಕಾಯಿತು. ಆಕ್ಸಲ್ ಉಳಿಯಿತು. ಮೇ ತಿಂಗಳಲ್ಲಿ ಬ್ರೇಕ್ ಶೂ ಹಾಕಿಸಿದ್ದು ಇದೇ ಚಕ್ರಕ್ಕೆ. ಪಿನ್ನಿನ ತೂತು ಸೇರಲಿಲ್ಲ ಅಂತ ನಟ್ಟನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿ ಪಿನ್ ಹಾಕಿದ್ದರು. ನಾನೂ ಪಕ್ಕದಲ್ಲೇ ನಿಂತು ನೋಡಿದ್ದೆ.

“ತೂತು ಸೇರದಿದ್ರೆ ಇನ್ನೂ ಬಿಗಿ ಮಾಡ್ಬೇಕು, ಹಿಂದೆ ಬರಬಾರದು” ಅಂದರು ಮೇಸ್ತ್ರಿ. ಕೋನವನ್ನು ಬಟ್ಟೆಯಲ್ಲಿ ಒಣಗುವ ಹಾಗೆ ಒರೆಸಿದರು, ಗ್ರೀಸು ತಾಗಲು ಬಿಡಲಿಲ್ಲ. ಈ ನಟ್ಟಿಗೆ ಕನಿಷ್ಠ 150 ಅಡಿ-ಪೌಂಡ್ ಬಿಗಿ ಬೇಕು. ಟಾರ್ಕ್ ರೆಂಚ್ ಇರಲಿಲ್ಲ. ಎರಡು ಅಡಿ ಉದ್ದದ ಹಿಡಿ ಹಾಕಿ, ತುದಿಯಲ್ಲಿ 75 ಪೌಂಡು, ಅಂದರೆ ಹತ್ತಿರ ಹತ್ತಿರ 34 ಕಿಲೋ ಭಾರ ಬಿಟ್ಟರೆ ಲೆಕ್ಕ ಸರಿಹೋಗುತ್ತದೆ. ಅವರು ಅದಕ್ಕಿಂತ ಜಾಸ್ತಿಯೇ ಬಿಟ್ಟರು. ಐವತ್ತು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬಿಗಿ ಮಾಡಿ ಅಂತ ಎರಡು ಸಲ ಹೇಳಿ ಹೋದರು.

ಐವತ್ತು ಕಿಲೋಮೀಟರ್ ಆದ ದಿನ ಹಿಡಿ ಹಾಕಿ ನೋಡಿದೆ. ನಟ್ಟು ಮುಂದಿನ ತೂತಿನವರೆಗೆ ತಿರುಗಿತು. ಹೊಸ ಪಿನ್ ಹಾಕಿದೆ. ಸಂಜೆ ಕೊನೆಗೌಡನನ್ನು ಕೂರಿಸಿಕೊಂಡು ಅದೇ ಚಡಾವಿಗೆ ಹೋಗಿ ನಡುವಲ್ಲಿ ನಿಲ್ಲಿಸಿದೆ. ಕೈಬ್ರೇಕ್ ಎಳೆದು ನಿಧಾನಕ್ಕೆ ಕಾಲು ತೆಗೆದೆ. ಜೀಪು ಅಲುಗಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಕೊನೆಗೌಡ ಆಗಲೇ ಇಳಿದು, ಎರಡೂ ಕೈಯಲ್ಲಿ ಒಂದು ದೊಡ್ಡ ಕಲ್ಲು ಹಿಡಿದು ಚಕ್ರದ ಹಿಂದೆ ನಿಂತಿದ್ದ.