ಹಸು, ಎಮ್ಮೆ, ನಾಯಿ... ಹಸು

ಇವತ್ತು ಡಾಕ್ಟರ್ ಅಪ್ಪನಿಗೆ ಹೇಳಿದರು, "ಒಂದು ನಿಮಿಷದಲ್ಲಿ ಎಷ್ಟಾಗುತ್ತೋ ಅಷ್ಟು ಪ್ರಾಣಿಗಳ ಹೆಸರು ಹೇಳಿ ಸರ್."

ಹಸು, ಎಮ್ಮೆ, ನಾಯಿ. ಆಮೇಲೆ ಮೌನ. ಮತ್ತೆ ಹಸು.

ಹಳ್ಳಿಯಲ್ಲಿ ದನ ಮೇಯಿಸಿಕೊಂಡು ಬೆಳೆದ ಮನುಷ್ಯ!

ಅಪ್ಪನಿಗೆ ಪಾರ್ಕಿನ್ಸನ್, ಕೈ ನಡುಗಿಸೋ ಮಿದುಳಿನ ಕಾಯಿಲೆ. ಅತ್ತೆಗೂ ಅದೇ. ಕೈ ನಡುಕ ಅಪ್ಪನಿಗಿಂತ ಜಾಸ್ತಿ. ಆದರೆ ಹೋದ ತಿಂಗಳು ಇದೇ ಪ್ರಶ್ನೆಗೆ ಪಟಪಟ ಅಂತ ಇಡೀ ಮೃಗಾಲಯ ಒಪ್ಪಿಸಿದ್ದರು. ನಡುವೆ "ಕೋಳಿ ಸೇರಿಸಬಹುದಾ?" ಅಂತ ಡಾಕ್ಟರನ್ನೇ ಕೇಳಿದ್ದರು. ಗಡಿಯಾರ ಬರೆಯೋದರಲ್ಲಿ ಮಾತ್ರ ಎಡವಿದರು, ಅಂಕಿಗಳೆಲ್ಲ ಒಂದೇ ಕಡೆ. ಅಪ್ಪನ ಗಡಿಯಾರ ಸರಿಯಾಗಿತ್ತು.

ಸುಮ್ನೆ ಕೇಳಿದೆ, ಗಂಡು ಹೆಣ್ಣು ಅಂತ ಇದರಲ್ಲೂ ವ್ಯತ್ಯಾಸ ಇದೆಯಾ ಅಂತ. ಇದೆಯಂತೆ. ಈ ಕಾಯಿಲೆ ಬರೋದು ಗಂಡಸರಿಗೇ ಹೆಚ್ಚು, ಸುಮಾರು ಒಂದೂವರೆ ಪಟ್ಟು. ಶುರುವಿನ ಹಂತದಲ್ಲೇ ಮಿದುಳಿನ ಹೊರಪದರ ತೆಳುವಾಗೋದು ಗಂಡಸರಲ್ಲಿ ಜಾಸ್ತಿ ಅಂತ ಕೆಲವು ಎಂಆರ್‌ಐ ಅಧ್ಯಯನಗಳಲ್ಲಿ ಕಂಡಿದೆ. ಪದಗಳ ನೆನಪಿನಲ್ಲಿ ಹೆಂಗಸರು ಮುಂದು, ಜಾಗ-ಆಕಾರದ ಲೆಕ್ಕದಲ್ಲಿ ಸ್ವಲ್ಪ ಹಿಂದೆ. ಹೆಂಗಸರನ್ನು ಈಸ್ಟ್ರೋಜೆನ್ ಅನ್ನೋ ಹೆಣ್ಣು ಹಾರ್ಮೋನ್ ಕಾಪಾಡುತ್ತಿರಬಹುದು ಅನ್ನೋ ಗುಮಾನಿಯೂ ಇದೆ. ನಮ್ಮ ಮನೆಯ ಇಬ್ಬರನ್ನು ನೋಡಿ ತೀರ್ಮಾನ ಮಾಡಬೇಡಿ ಅಂತಲೂ ಡಾಕ್ಟರ್ ನಕ್ಕರು.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆ ಬಗ್ಗೆ ಬರೆದಾಗ ವಿವರಿಸಿದ್ದು ಆರು ಜನರನ್ನು. ಆರೂ ಗಂಡಸರು. ಕೆಲವರನ್ನು ಬೀದಿಯಲ್ಲಿ ನೋಡಿದ್ದಷ್ಟೇ. ನಮ್ಮತ್ತೆಯಂಥವರು ಆಗಲೂ ಇದ್ದಿರಲೇಬೇಕು, ಅಲ್ವಾ? ಒಳಗೆಲ್ಲೋ ಅಡುಗೆಮನೆಯಲ್ಲಿ.

ವಾಪಸ್ ಬರುವಾಗ ಆಟೋ ಸಿಗ್ನಲ್ಲಿನಲ್ಲಿ ನಿಂತಿತ್ತು. ಅಪ್ಪ ಇದ್ದಕ್ಕಿದ್ದಂತೆ ಹೇಳಿದರು, "ಮುಂಗುಸಿ."