ಐದು ಡಾಲರಿನ ಒಡೆತನ

ಅಮೆರಿಕಕ್ಕೆ ಬಂದ ಹೊಸದರಲ್ಲಿ ಕಾರಿಗೆ ಸಾಲ ಕೇಳಲು ದೊಡ್ಡ ಬ್ಯಾಂಕೊಂದಕ್ಕೆ ಹೋಗಿದ್ದೆ. ಸಂಬಳದ ಚೀಟಿ ಕೈಯಲ್ಲಿದ್ದರೂ, ಈ ದೇಶದಲ್ಲಿ ಹಿಂದೆ ಸಾಲ ಮಾಡಿ ತೀರಿಸಿದ ದಾಖಲೆ ನನ್ನ ಹೆಸರಿನಲ್ಲಿ ಇಲ್ಲವೆಂಬ ಕಾರಣಕ್ಕೆ ಬರಿಗೈಯಲ್ಲಿ ಮರಳಬೇಕಾಯಿತು. ಸಾಲವನ್ನೇ ಮಾಡದವನಿಗೆ ಸಾಲ ಹುಟ್ಟುವುದಿಲ್ಲ ಎಂಬ ಈ ವಿಚಿತ್ರವನ್ನು ಅರಗಿಸಿಕೊಳ್ಳುತ್ತಿದ್ದಾಗ ಸಹೋದ್ಯೋಗಿಯೊಬ್ಬರು, ನಮ್ಮ ಕಚೇರಿಯ ನೌಕರರು ಸೇರಬಹುದಾದ ಕ್ರೆಡಿಟ್ ಯೂನಿಯನ್ (ಸದಸ್ಯರೇ ಒಡೆಯರಾಗಿ ಠೇವಣಿ, ಸಾಲಗಳ ವ್ಯವಹಾರ ನಡೆಸುವ ಸಂಸ್ಥೆ) ಒಂದರ ವಿಳಾಸ ಕೊಟ್ಟರು.

ಅಲ್ಲಿ ಖಾತೆ ತೆರೆಯುವುದೆಂದರೆ ಷೇರು ಕೊಳ್ಳುವುದು. ಕೌಂಟರಿನಲ್ಲಿದ್ದಾಕೆ ನನ್ನ ಐದು ಡಾಲರಿನ ನೋಟನ್ನು ಪಡೆದು, ರಸೀದಿಯ ಮೇಲಿನ 'ಷೇರು ಖಾತೆ' ಎಂಬ ಪದದ ಕೆಳಗೆ ಬೆರಳಿಟ್ಟು ತೋರಿಸಿ, ಇನ್ನು ಮುಂದೆ ನಾನು ಈ ಸಂಸ್ಥೆಯ ಸದಸ್ಯನೆಂದರು. ವ್ಯಾಪಾರದ ಮಾತಿರಬೇಕು ಎಂದುಕೊಂಡೆ. ಆಕೆ ಅಷ್ಟಕ್ಕೇ ನಿಲ್ಲಿಸದೆ, ಐನೂರು ಡಾಲರ್ ಠೇವಣಿ ಇಟ್ಟು, ಅದರ ಆಧಾರದ ಮೇಲೆಯೇ ಸಣ್ಣ ಸಾಲ ಪಡೆದು, ಕಂತು ತಪ್ಪದಂತೆ ಕಟ್ಟುತ್ತ ಹೋಗಲು ಹೇಳಿಕೊಟ್ಟರು. ವರ್ಷ ಕಳೆಯುವುದರೊಳಗೆ ಕಾರಿನ ಸಾಲವೂ ಅಲ್ಲಿಯೇ ದೊರೆಯಿತು.

ಇಂಥ ಸಂಸ್ಥೆಗೆ ಹೊರಗಿನ ಹೂಡಿಕೆದಾರರಿಲ್ಲ. ಖರ್ಚು ಕಳೆದು ಉಳಿದ ಹಣ ಮೀಸಲು ನಿಧಿಗೆ ಸೇರುತ್ತದೆ, ಇಲ್ಲವೇ ಠೇವಣಿಯ ಮೇಲಿನ ಡಿವಿಡೆಂಡ್ ಆಗಿ ಅಥವಾ ಸಾಲದ ಬಡ್ಡಿಯ ಇಳಿಕೆಯಾಗಿ ಸದಸ್ಯರಿಗೇ ಮರಳುತ್ತದೆ. ಲಕ್ಷ ಡಾಲರ್ ಇಟ್ಟವರಿಗೂ ಐದು ಡಾಲರ್ ಇಟ್ಟವರಿಗೂ ಒಂದೇ ಮತ. ಈ ಏರ್ಪಾಡನ್ನು ಅಮೆರಿಕದ್ದೇ ಕಲ್ಪನೆಯೆಂದು ನಾನು ತಿಳಿದಿದ್ದೆ. ಆದರೆ ಇಲ್ಲಿ ಇದನ್ನು ಬೆಳೆಸಿದವರಲ್ಲಿ ಪ್ರಮುಖರಾದ ಬೋಸ್ಟನ್ನಿನ ವ್ಯಾಪಾರಿ ಎಡ್ವರ್ಡ್ ಫೈಲೀನ್ 1907ರಲ್ಲಿ ಭಾರತಕ್ಕೆ ಬಂದು, ಹಳ್ಳಿಗಳ ಪತ್ತಿನ ಸಹಕಾರ ಸಂಘಗಳನ್ನು ಕಂಡು ಪ್ರಭಾವಿತರಾಗಿ ಹೋದವರು. ಗದಗಿನ ಕಣಗಿನಹಾಳದಲ್ಲಿ ಅಂಥ ಸಂಘ ನೋಂದಣಿಯಾದದ್ದು ಅದಕ್ಕೂ ಎರಡು ವರ್ಷ ಮೊದಲು, 1905ರಲ್ಲಿ. ಫೈಲೀನ್ ಅವರ ಒತ್ತಾಸೆಯಿಂದ ಮ್ಯಾಸಚೂಸೆಟ್ಸ್ ರಾಜ್ಯ 1909ರಲ್ಲಿ ಕಾನೂನು ಮಾಡಿತು; ದೇಶಕ್ಕೆಲ್ಲ ಅನ್ವಯಿಸುವ ಕಾನೂನು 1934ರಲ್ಲಿ ಬಂದಿತು.

ಎಲ್ಲವೂ ಚೆನ್ನಾಗಿಯೇ ಇದೆಯೆಂದು ಹೇಳಲಾರೆ. ನಮ್ಮದರ ಶಾಖೆಗಳು ಎರಡೇ, ಮೊಬೈಲ್ ಆ್ಯಪ್ ಆಗಾಗ ಕೈಕೊಡುತ್ತದೆ. ಅದಕ್ಕಿಂತ ಬೇಸರದ ಸಂಗತಿಯೆಂದರೆ, ಸಾವಿರಾರು ಸದಸ್ಯರಿರುವ ಸಂಸ್ಥೆಯ ವಾರ್ಷಿಕ ಮಹಾಸಭೆಗೆ ನಾನು ಮೊದಲ ಸಲ ಹೋದಾಗ ಮಡಚುವ ಕುರ್ಚಿಗಳಲ್ಲಿ ಕುಳಿತಿದ್ದವರು ನಲವತ್ತು ಮಂದಿಯೂ ಇರಲಿಲ್ಲ. ಆಡಳಿತ ಮಂಡಳಿಯ ಮೂರು ಸ್ಥಾನಗಳಿಗೆ ಮೂವರೇ ಸ್ಪರ್ಧಿಸಿದ್ದರಿಂದ ಆಯ್ಕೆ ಅವಿರೋಧವಾಯಿತು. ಸಾಲದ ಬಡ್ಡಿ ಏರಿದಷ್ಟು ಠೇವಣಿಯ ದರ ಏಕೆ ಏರಲಿಲ್ಲವೆಂದು ವೃದ್ಧೆಯೊಬ್ಬರು ಎದ್ದು ನಿಂತು ಕೇಳಿದಾಗ, ಸಂಬಳವಿಲ್ಲದೆ ದುಡಿಯುವ ಖಜಾಂಚಿ ಲೆಕ್ಕದ ಪುಟಗಳನ್ನು ತಿರುವುತ್ತ ಹತ್ತು ನಿಮಿಷ ಉತ್ತರಿಸಿದರು. ಆಕೆಗೆ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ; ಆದರೂ ಬ್ಯಾಂಕಿನಲ್ಲಿ ಆ ಪ್ರಶ್ನೆಯನ್ನು ನಾನು ಯಾರನ್ನು ಕೇಳಬಹುದಿತ್ತು?

ಆ ಸಭೆಯ ಕೊನೆಯಲ್ಲಿ ಮೇಲ್ವಿಚಾರಣಾ ಸಮಿತಿಗೆ ಸ್ವಯಂಸೇವಕರು ಬೇಕೆಂದು ಕೇಳಿದಾಗ ಹೆಸರು ಕೊಟ್ಟೆ. ಸದಸ್ಯರಿಗೆ ಪತ್ರ ಕಳುಹಿಸಿ, ಅವರ ಬಳಿಯಿರುವ ಲೆಕ್ಕವೂ ಸಂಸ್ಥೆಯ ಲೆಕ್ಕವೂ ತಾಳೆಯಾಗುತ್ತದೆಯೇ ಎಂದು ನೋಡುವುದು ನಮ್ಮ ಕೆಲಸಗಳಲ್ಲೊಂದು. ಕಳೆದ ವಾರ ಬಂದ ಲಕೋಟೆಯೊಂದರಲ್ಲಿ ಯಾರೋ ಪೆನ್ಸಿಲಿನಿಂದ ಹನ್ನೊಂದು ಸೆಂಟಿನ ವ್ಯತ್ಯಾಸವನ್ನು ಗುರುತಿಸಿ, ಕೆಳಗೆ ಎರಡು ಗೆರೆ ಎಳೆದಿದ್ದರು. ಈ ಶನಿವಾರ ನಾವು ಮೂವರು ಅದನ್ನು ಹುಡುಕಲು ಕೂರುತ್ತೇವೆ.